ಉತಾರದಾಗ ಬಾರದ ಹೊಲ

ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಯ ಶಟರ್ ಎತ್ತಿ, ಕಸ ಹೊಡೆದು, ಊದಿನಕಡ್ಡಿ ಹಚ್ಚಿ, ಕಂಪ್ಯೂಟರ್ ಚಾಲೂ ಮಾಡಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳ ಪಟ್ಟಿಯೊಂದು ಬಂತು. ಮೊದಲ ಸಾಲಿನಲ್ಲಿ ಹಿಂದಿನ ರಾತ್ರಿ ನಾನೇ ಹಾಕಿದ್ದ ಲಿನಕ್ಸ್. ಎರಡನೆಯದರಲ್ಲಿ ಅದೇ ಲಿನಕ್ಸಿನ ಬೇರೆ ಆಯ್ಕೆಗಳು. ಮೂರನೆಯದು ಯಂತ್ರದ ಒಳಸೆಟ್ಟಿಂಗ್‌ಗೆ ಹೋಗುವ ದಾರಿ. ಇನ್ನೊಂದು ಸಾಲು ಇರಬೇಕಿತ್ತು, ವಿಂಡೋಸಿನದು. ಅದು ಇರಲಿಲ್ಲ.

ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಮತ್ತೆ ಮೂರೇ ಸಾಲು. ಲಿನಕ್ಸಿನೊಳಗೆ ಹೋಗಿ ಡಿ ಡ್ರೈವ್ ಹುಡುಕಿದೆ. ಅದರ ಗುರುತೇನೋ ಕಂಡಿತು. ಒತ್ತಿದರೆ ತೆರೆಯಲಿಲ್ಲ. ಫೈಲ್ ಸಿಸ್ಟಂ ಸರಿಯಿಲ್ಲ ಎಂಬರ್ಥದ ಇಂಗ್ಲಿಷ್ ಸಾಲೊಂದು ಬಂದು ನಿಂತಿತು. ನವೆಂಬರ್‌ನ ಆ ತಂಪಿನಲ್ಲೂ ನನ್ನ ಬೆನ್ನು ಬೆವರಿತು. ಯಾಕೆಂದರೆ ಆ ಡಿ ಡ್ರೈವಿನಲ್ಲಿ ಒಂದು ಹುಡುಗಿಯ ಪಿಎಚ್.ಡಿ. ಪ್ರಬಂಧವಿತ್ತು. ಅವತ್ತು ಶನಿವಾರ. ಬುಧವಾರ ಅವಳು ಅದನ್ನು ಸಲ್ಲಿಸಬೇಕಿತ್ತು.

ನಮ್ಮದು ವಿಜಯಪುರದ ಅಥಣಿ ರಸ್ತೆಯಲ್ಲಿ ಒಂದು ಸಣ್ಣ ಅಂಗಡಿ. ಡಿಟಿಪಿ, ಝೆರಾಕ್ಸ್, ಸ್ಪೈರಲ್ ಬೈಂಡಿಂಗ್. ಇದೇ ರಸ್ತೆ ಹಿಡಿದು ಹೋದರೆ ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ. 2003ರಲ್ಲಿ ಆ ವಿಶ್ವವಿದ್ಯಾಲಯ ಶುರುವಾದ ಮೇಲೆ ಈ ಭಾಗದಲ್ಲಿ ಬರೆಯುವ ಹೆಣ್ಣುಮಕ್ಕಳು ಹೆಚ್ಚಿದರು, ಅವರ ಹಿಂದೆ ನಮ್ಮಂಥ ಟೈಪು ಮಾಡುವವರ ಹೊಟ್ಟೆಪಾಡೂ ಬೆಳೆಯಿತು. ಇನ್ನೂ ಮುಂದೆ ಹೋದರೆ ತಿಕೋಟಾ, ಎರಡೂ ಬದಿ ದ್ರಾಕ್ಷಿ ಪಡ. ಈ ಹುಡುಗಿ ತಿಕೋಟಾದ ಆಚೆಯ ಹಳ್ಳಿಯವಳು, ದ್ರಾಕ್ಷಿ ಬೆಳೆಯುವವರ ಮನೆಯ ಮಗಳು. ಹಂತಿಯ ಹಾಡು, ಬೀಸುವ ಹಾಡುಗಳ ಮೇಲೆ ಅವಳ ಪ್ರಬಂಧ. ತಿಕೋಟಾ, ಬಬಲೇಶ್ವರದ ಸುತ್ತಲಿನ ಹಳ್ಳಿಗಳನ್ನು ತಿರುಗಿ ನೂರರ ಮೇಲೆ ಹಾಡು ಕೂಡಿಸಿದ್ದಳು. ಅದರಲ್ಲಿ ಅರ್ಧದಷ್ಟು ಅವಳ ಆಯಿ ಹೇಳಿದವು. ಆಯಿ ತೀರಿ ಒಂದು ವರ್ಷವಾಗಿತ್ತು.

ನಲವತ್ತು ದಿನ ಕೂತು ನಾನು ಅದನ್ನೆಲ್ಲ ಟೈಪು ಮಾಡಿದ್ದೆ. ಕೊನೆಯ ಮೂರು ವಾರದ ತಿದ್ದುಪಡಿ ಎಲ್ಲಿಯೂ ಬೇರೆ ಕಡೆ ನಕಲಾಗಿರಲಿಲ್ಲ. ಗಿರಾಕಿಗಳಿಗೆ ದಿನಾ ‘ಪೆನ್‌ಡ್ರೈವ್‌ನಾಗ ಒಂದು ಕಾಪಿ ಇಟ್ಕೋರಿ’ ಎಂದು ಹೇಳುವವನು ನಾನೇ.

ಇಷ್ಟು ತುರ್ತಿನಲ್ಲಿ ಲಿನಕ್ಸ್ ಹಾಕುವ ಹಟ ಯಾಕೆ ಬಂತು ಎಂದು ನೀವು ಕೇಳಬಹುದು. ನಮ್ಮ ಯಂತ್ರ 2017ರದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಸುರಕ್ಷತಾ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಕೂಡ ಅದು ಒಪ್ಪುವ ಪಟ್ಟಿಯಲ್ಲಿರಬೇಕು. ನಮ್ಮದು ಆ ಪಟ್ಟಿಯಲ್ಲಿಲ್ಲ. ಯಂತ್ರ ಗಟ್ಟಿಮುಟ್ಟಾಗಿತ್ತು, ಹೊಸದಕ್ಕೆ ಕೈಯಲ್ಲಿ ದುಡ್ಡಿರಲಿಲ್ಲ. ವಿಂಡೋಸನ್ನು ಪೂರ್ತಿ ಬಿಡುವಂತೆಯೂ ಇರಲಿಲ್ಲ. ಪೇಜ್‌ಮೇಕರ್ ಅದರಲ್ಲಿತ್ತು, ನುಡಿ ಅದರಲ್ಲಿತ್ತು, ಹದಿನೈದು ವರ್ಷದ ಲಗ್ನಪತ್ರಿಕೆಗಳು ಅದರಲ್ಲಿದ್ದವು. ಬೆಂಗಳೂರಿನಲ್ಲಿರುವ ಗೆಳೆಯ ‘ಎರಡೂ ಇಟ್ಕೋ. ಇಂಟರ್ನೆಟ್ ಕೆಲಸಕ್ಕ ಲಿನಕ್ಸ್, ಹಳೇ ಕೆಲಸಕ್ಕ ವಿಂಡೋಸ್’ ಎಂದಿದ್ದ. ಶುಕ್ರವಾರ ರಾತ್ರಿ ಅಂಗಡಿ ಖಾಲಿಯಿತ್ತು. ವಿಂಡೋಸಿನಲ್ಲೇ ಡಿಸ್ಕಿನ ಒಂದು ಹಿಸ್ಸೆ ಖಾಲಿ ಮಾಡಿ, ಶಟ್‌ಡೌನ್ ಕೊಟ್ಟು, ಪೆನ್‌ಡ್ರೈವ್ ಚುಚ್ಚಿದೆ. ಅದು ಕೇಳಿದ ಪ್ರಶ್ನೆಗಳನ್ನು ಪೂರ್ತಿ ಓದದೆ ಎಂಟರ್ ಒತ್ತುತ್ತ ಹೋದೆ. ಹನ್ನೊಂದಕ್ಕೆ ‘ಮುಗಿಯಿತು’ ಎಂದಿತು. ಮನೆಗೆ ಹೋಗಿ ನೆಮ್ಮದಿಯಿಂದ ಮಲಗಿದೆ.

ಬೆಳಿಗ್ಗೆ ನನಗೆ ತೋಚಿದ್ದು ಒಂದೇ ದಾರಿ. ಡ್ರಾದಲ್ಲಿ ವಿಂಡೋಸ್ ಹಾಕುವ ಹಳೆಯ ಪೆನ್‌ಡ್ರೈವ್ ಇತ್ತು. ಹೊಸದಾಗಿ ವಿಂಡೋಸ್ ಹಾಕಿಬಿಟ್ಟರೆ ಎಲ್ಲ ಮೊದಲಿನಂತಾಗುತ್ತದೆ ಎಂದುಕೊಂಡು ಅದನ್ನು ಚುಚ್ಚಿಯೂ ಬಿಟ್ಟಿದ್ದೆ. ಯಾಕೋ ಒಂದು ಮಾತು ಕೇಳೋಣವೆಂದು ಗೆಳೆಯನಿಗೆ ಫೋನ್ ಮಾಡಿದೆ.

‘ಮೊದಲ ಕೀಬೋರ್ಡಿನ ಮ್ಯಾಲಿಂದ ಕೈ ತೆಗಿ,’ ಎಂದ. ‘ಏನೂ ಒತ್ತಬ್ಯಾಡ. ಡಿಸ್ಕಿನ ಮ್ಯಾಲೆ ಹೊಸದಾಗಿ ಏನರ ಬರದಿ ಅಂದ್ರ, ಅವಾಗ ಖರೇನ ಹೋಗ್ತೈತಿ.’

ಕೈ ತೆಗೆದೆ. ಆ ದಿನ ನಾನು ಮಾಡಿದ ಸರಿಯಾದ ಮೊದಲ ಕೆಲಸ ಏನೂ ಮಾಡದೆ ಕೂತದ್ದು.

ಅವನು ಹೇಳಿದಂತೆ ಯಂತ್ರ ಬಂದ್ ಮಾಡಿ, ಚಾಲೂ ಆಗುವಾಗ ಎಫ್12 ಒತ್ತುತ್ತ ಹೋದೆ. ಕೆಲವು ಯಂತ್ರಗಳಲ್ಲಿ ಅದು ಎಫ್9 ಇರುತ್ತದೆ, ಕೆಲವದರಲ್ಲಿ ಎಸ್ಕೇಪ್. ಬೇರೆಯದೇ ಒಂದು ಪಟ್ಟಿ ಬಂತು. ಅದರಲ್ಲಿ ಎರಡು ಸಾಲು: ಒಂದು ಲಿನಕ್ಸ್, ಇನ್ನೊಂದು ವಿಂಡೋಸ್ ಬೂಟ್ ಮ್ಯಾನೇಜರ್. ಎರಡನೆಯದನ್ನು ಒತ್ತಿದೆ. ನೀಲಿ ಕಿಟಕಿ ಮೂಡಿತು. ಡಿ ಡ್ರೈವ್ ತೆರೆಯಿತು. ಪ್ರಬಂಧವಿತ್ತು. ನಿನ್ನೆ ಸಂಜೆಯ ಕೊನೆಯ ತಿದ್ದುಪಡಿಯೂ ಇತ್ತು. ಬೇರೆ ಯಾವ ಕೆಲಸಕ್ಕೂ ಮೊದಲು ಎರಡು ಪೆನ್‌ಡ್ರೈವ್‌ಗೆ ನಕಲು ಹಾಕಿ, ಒಂದನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೆ.

ಅಷ್ಟರಲ್ಲಿ ಹುಡುಗಿ ಬಂದಳು, ಜತೆಗೆ ಅವಳ ಅಪ್ಪ. ಅಕ್ಟೋಬರ್ ಚಾಟನಿ ಮುಗಿಸಿ, ಔಷಧ ಹೊಡೆಯುವ ಗಡಿಬಿಡಿಯ ನಡುವೆ ಮಗಳನ್ನು ಬೈಕಿನಲ್ಲಿ ಕರೆತಂದಿದ್ದರು. ನನ್ನ ಮುಖ ನೋಡಿಯೇ ಅವಳಿಗೆ ಏನೋ ಆಗಿದೆ ಅನಿಸಿತು.

‘ಅಣ್ಣಾರ, ನನ್ನ ಥೀಸಿಸ್ ಐತಿಲ್ರಿ?’

‘ಐತಿ ತಂಗಿ. ಎಲ್ಲೂ ಹೋಗಿಲ್ಲ,’ ಎಂದು ನಡೆದದ್ದನ್ನು ಹೇಳಿದೆ.

ಅವಳ ಅಪ್ಪ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಬಾಜೂಕ ಹೊಸಾ ಬೋರ್ ಹೊಡದ್ರ ಹಳೇ ಬಾವಿ ಬತ್ತತೈತ್ರಿ. ಹಂಗೇನರ ಆಗೇತೇನು?’ ಎಂದರು.

ದ್ರಾಕ್ಷಿ ಸೀಮೆಯ ಭಯವದು. ಅದನ್ನು ಸುಳ್ಳೆನ್ನುವಂತಿಲ್ಲ. ಹೇಗೆ ಹೇಳಲಿ ಎಂದು ಯೋಚಿಸಿ, ‘ಇಲ್ರಿ ಯಜಮಾನ್ರ. ಡಿಸ್ಕ್ ಅಂದ್ರ ಒಂದು ಹೊಲ ಅನ್ರಿ. ನಿನ್ನೆ ಅದರಾಗ ಬದು ಹಾಕಿ ಎರಡು ಹಿಸ್ಸೆ ಮಾಡೀನಿ. ಅದರ ಹೊಸಾ ಉತಾರ ಬಂದಾಗ ಒಂದ ಹೆಸರು ಬಂದೈತಿ,’ ಎಂದೆ.

ಅವರ ಮುಖ ಅರಳಿತು. ‘ಹೊಲ ಹೊಲದಾಗ ಐತಿ, ಉತಾರದಾಗ ಬಂದಿಲ್ಲ ಅನ್ರಿ! ನಮ್ಮ ತಮ್ಮಂದು ಮೂರು ವರ್ಷ ಹಂಗ ಆಗಿತ್ರಿ. ಬೆಳಿ ತಗೊಳ್ಳಾವ ಅವನ, ಹೆಸರಷ್ಟ ಇರಲಿಲ್ಲ.’

ಪಹಣಿಗೆ ನಮ್ಮ ಕಡೆ ಉತಾರ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಆದದ್ದೂ ನಿಜವಾಗಿ ಇದೇ. ಕರೆಂಟ್ ಬಂದ ಕೂಡಲೇ ಮೊದಲು ಏಳುವುದು ಮದರ್‌ಬೋರ್ಡಿನಲ್ಲಿರುವ ಯುಇಎಫ್ಐ ಎಂಬ ಸಣ್ಣ ತಂತ್ರಾಂಶ. ಅದು ಡಿಸ್ಕಿನ ಒಂದು ಪುಟ್ಟ ಹಿಸ್ಸೆಯಲ್ಲಿ ಹೋಗಿ ಹುಡುಕುತ್ತದೆ. ವಿಂಡೋಸ್ ಮಾಡಿಟ್ಟದ್ದಾದರೆ ಆ ಹಿಸ್ಸೆ ಸಾಮಾನ್ಯವಾಗಿ 100 ಎಂಬಿ ಅಷ್ಟೇ. ವಿಂಡೋಸನ್ನು ಎಬ್ಬಿಸುವ ಕಡತವೂ ಅಲ್ಲೇ, ಲಿನಕ್ಸನ್ನು ಎಬ್ಬಿಸುವ ಗ್ರಬ್ ಕೂಡ ಅಲ್ಲೇ, ಬೇರೆ ಬೇರೆ ಫೋಲ್ಡರಿನಲ್ಲಿ. ಒಂದು ಇನ್ನೊಂದನ್ನು ತಿಂದಿರಲಿಲ್ಲ. ಲಿನಕ್ಸ್ ತನ್ನ ಹೆಸರನ್ನು ಸಾಲಿನಲ್ಲಿ ಮುಂದೆ ತಂದಿತ್ತು, ಗ್ರಬ್ ತನ್ನ ಪಟ್ಟಿಯಲ್ಲಿ ನೆರೆಯವನ ಹೆಸರು ಬರೆದಿರಲಿಲ್ಲ, ಅಷ್ಟೇ. ನೆರೆಯಲ್ಲಿ ಯಾರಿದ್ದಾರೆ ಎಂದು ಹುಡುಕುವ ಕೆಲಸಕ್ಕೆ ಒಂದು ಪುಟ್ಟ ಪ್ರೋಗ್ರಾಂ ಇದೆ, ಓಎಸ್-ಪ್ರೋಬರ್. 2021ರಲ್ಲಿ ಬಂದ ಗ್ರಬ್ 2.06ರಿಂದ ಸುರಕ್ಷತೆಯ ಕಾರಣಕ್ಕೆ ಆ ಹುಡುಕಾಟವನ್ನು ಮೊದಲೇ ಬಂದ್ ಇಡುತ್ತಾರೆ, ಬೇಕಾದವರು ತೆರೆದುಕೊಳ್ಳಬೇಕು. ಲಿನಕ್ಸಿಗೆ ಹೋಗಿ, ಗ್ರಬ್‌ನ ಸೆಟ್ಟಿಂಗ್ ಕಡತದಲ್ಲಿ ಒಂದು ಸಾಲಿನ ಮುಂದಿದ್ದ ಹ್ಯಾಶ್ ಗುರುತು ಅಳಿಸಿ, ಅಪ್‌ಡೇಟ್-ಗ್ರಬ್ ಎಂಬ ಆಜ್ಞೆ ಕೊಟ್ಟೆ. ಮುಂದಿನ ಸಲ ಚಾಲೂ ಮಾಡಿದಾಗ ನಾಲ್ಕನೆಯ ಸಾಲು ಬಂತು. ಒಂದು ಅಕ್ಷರ ಅಳಿಸಿದ್ದಕ್ಕೆ ಉತಾರದಲ್ಲಿ ಹೆಸರು ಬಂತು. ತಹಶೀಲ್ದಾರ್ ಕಚೇರಿಯಲ್ಲಿ ಇಷ್ಟು ಬೇಗ ಆಗುವುದಿಲ್ಲ ಎಂದು ಅವಳ ಅಪ್ಪ ನಕ್ಕರು.

ಡಿ ಡ್ರೈವ್ ಲಿನಕ್ಸಿನಲ್ಲಿ ತೆರೆಯದಿದ್ದುದಕ್ಕೂ ಕಾರಣ ಸಿಕ್ಕಿತು. 2012ರ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯವಿದೆ. ಅದು ಚಾಲೂ ಇದ್ದರೆ ನಾವು ಶಟ್‌ಡೌನ್ ಕೊಟ್ಟಾಗ ವಿಂಡೋಸ್ ಪೂರ್ತಿ ಬಂದ್ ಆಗುವುದಿಲ್ಲ. ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಅರೆನಿದ್ದೆಗೆ ಜಾರುತ್ತದೆ, ಮುಂದಿನ ಸಲ ಬೇಗ ಏಳಲಿ ಎಂದು. ಮಲಗಿದವನ ಮನೆಯಲ್ಲಿ ಬೇರೆಯವರು ಸಾಮಾನು ಸರಿಸಬಾರದಲ್ಲ. ಅದಕ್ಕೇ ಲಿನಕ್ಸ್ ಬಾಗಿಲಲ್ಲೇ ನಿಂತಿತ್ತು. ನಾನು ಸತ್ತಿದೆ ಎಂದುಕೊಂಡದ್ದು ಮಲಗಿತ್ತು. ಕಂಟ್ರೋಲ್ ಪ್ಯಾನಲ್‌ನಲ್ಲಿ ಆ ಸೌಲಭ್ಯ ತೆಗೆದು ಶಟ್‌ಡೌನ್ ಕೊಟ್ಟ ಮೇಲೆ ಡಿ ಡ್ರೈವ್ ಎರಡೂ ಕಡೆ ತೆರೆಯಿತು.

ಇನ್ನು ಗಡಿಯಾರ. ವಿಂಡೋಸ್ ತೆರೆದಾಗ ಹೊರಗೆ ಹನ್ನೊಂದು ಗಂಟೆಯಾಗಿದ್ದರೆ ಒಳಗೆ ಬೆಳಗಿನ ಐದೂವರೆ. ಅದನ್ನು ಸರಿಮಾಡಿ, ನೆಟ್ ಇಲ್ಲದೆ ಲಿನಕ್ಸಿಗೆ ಹೋದರೆ ಅಲ್ಲಿ ಐದೂವರೆ ಗಂಟೆ ಮುಂದೆ. ಮದರ್‌ಬೋರ್ಡಿನಲ್ಲಿ ಸಣ್ಣ ಬ್ಯಾಟರಿಯ ಮೇಲೆ ನಡೆಯುವ ಗಡಿಯಾರ ಒಂದೇ. ಅದರಲ್ಲಿ ಇರುವುದು ಬರೀ ಸಂಖ್ಯೆ; ಯಾವ ಊರಿನ ಸಮಯ ಎಂದು ಅದರ ಮೇಲೆ ಬರೆದಿರುವುದಿಲ್ಲ. ವಿಂಡೋಸ್ ಡಾಸ್ ಕಾಲದ ರೂಢಿಯಂತೆ ಅದನ್ನು ಊರಿನ ಸಮಯ ಎಂದು ಓದುತ್ತದೆ. ಲಿನಕ್ಸ್ ಯುನಿಕ್ಸಿನ ರೂಢಿಯಂತೆ ಜಗತ್ತಿನ ಸಮನ್ವಯ ಸಮಯ ಎಂದು ಓದಿ ಭಾರತದ ಐದೂವರೆ ಗಂಟೆ ಕೂಡಿಸುತ್ತದೆ. ಇಬ್ಬರೂ ತಪ್ಪಲ್ಲ. ಹಾಗೆ ನೋಡಿದರೆ ಗೋಡೆಯ ಮೇಲಿನ ಗಡಿಯಾರವೂ ಒಂದು ಒಪ್ಪಂದವೇ. ದೇಶದ ಸಮಯ ನಿಂತಿರುವುದು 82.5 ಡಿಗ್ರಿ ರೇಖಾಂಶದ ಮೇಲೆ. ವಿಜಯಪುರದ ಸೂರ್ಯ ಅದಕ್ಕಿಂತ ಸುಮಾರು 27 ನಿಮಿಷ ತಡ. ಲಿನಕ್ಸಿಗೆ ‘ನೀನೂ ಊರಿನ ಸಮಯವೆಂದೇ ಓದು’ ಎಂದು ಒಂದು ಸಾಲಿನಲ್ಲಿ ಹೇಳಿದ ಮೇಲೆ ಜಗಳ ತಣ್ಣಗಾಯಿತು.

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅವಳ ಅಪ್ಪ ಸಂತೆ ಮಾಡಲು ಹೋದರು. ಎಲ್ಲ ಸರಿಯಿದೆ ಎಂದು ಹುಡುಗಿಗೆ ತೋರಿಸಲು ಲಿನಕ್ಸಿನಲ್ಲೇ ಪ್ರಬಂಧ ತೆರೆದೆ. ಪರದೆಯ ತುಂಬ ಅರ್ಥವಾಗದ ಇಂಗ್ಲಿಷ್ ಅಕ್ಷರಗಳು, ಪೌಂಡಿನ ಚಿಹ್ನೆಗಳು, ತಲೆಯ ಮೇಲೆ ಗೀಟು ಹೊತ್ತ ಎ-ಗಳು. ಒಂದೇ ಒಂದು ಕನ್ನಡ ಅಕ್ಷರವಿಲ್ಲ.

ಅವಳು ಹೆದರಲಿಲ್ಲ. ಬಹಳ ಹೊತ್ತು ನೋಡಿ, ‘ಅಣ್ಣಾರ, ಇದರಾಗ ನಮ್ಮ ಆಯಿ ಎಲ್ಲದಾಳ್ರಿ?’ ಎಂದಳು.

ನನಗೆ ಗೊತ್ತಿದ್ದ ಸಂಗತಿಯೇ. ಆದರೆ ಅವಳು ಹಾಗೆ ಕೇಳುವ ತನಕ ಅದನ್ನು ನಾನು ನೋಡಿರಲಿಲ್ಲ. ನಾವು ಡಿಟಿಪಿಯವರು ವರ್ಷಗಟ್ಟಲೆ ಟೈಪು ಮಾಡಿದ್ದು ಹಳೆಯ ಫಾಂಟ್‌ಗಳಲ್ಲಿ. 1998ರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಇವು ಬಂದಾಗ ಕಂಪ್ಯೂಟರಿನಲ್ಲಿ ಕನ್ನಡ ಕಂಡದ್ದೇ ಒಂದು ಹಬ್ಬ. ಆಗಿನ ಫಾಂಟ್‌ನಲ್ಲಿ ಇದ್ದದ್ದು 256 ಮನೆ. ಅಷ್ಟರಲ್ಲೇ ಕನ್ನಡದ ಅಕ್ಷರಗಳನ್ನು ತುಂಡುಗಳಾಗಿ ಒಡೆದು, ಇಂಗ್ಲಿಷಿನ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕೂರಿಸಿದರು. ದೊಡ್ಡಕ್ಷರದ ಪಿ ಎಂದರೆ ತಲೆಕಟ್ಟಿಲ್ಲದ ಕ. ಗೀಟು ಹೊತ್ತ ಎ ಎಂದರೆ ತಲೆಕಟ್ಟು. ಪೌಂಡಿನ ಚಿಹ್ನೆ ಎಂದರೆ ನ. ಕನ್ನಡ ಎಂದು ಬರೆದರೆ ಯಂತ್ರದೊಳಗೆ ಇಂಥ ಏಳು ತುಂಡು. ಫಾಂಟ್ ಎಂಬ ಕನ್ನಡಕ ಇರುವ ತನಕ ನಮಗದು ಕನ್ನಡ. ಕನ್ನಡಕ ತೆಗೆದರೆ ಯಂತ್ರಕ್ಕೆ ಅದು ಯಾವತ್ತೂ ಕನ್ನಡವಾಗಿರಲೇ ಇಲ್ಲ. ಯುನಿಕೋಡಿನಲ್ಲಿ ಹಾಗಲ್ಲ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ವಂತ ಮನೆಗಳಿವೆ. ಕ ಎಂದರೆ 3221, ಅದು ಬೇರೆ ಯಾರ ಮನೆಯೂ ಅಲ್ಲ.

ನುಡಿಯ ಫಾಂಟ್ ಕಡತವನ್ನು ಲಿನಕ್ಸಿಗೆ ನಕಲು ಮಾಡಿದೆ. ಒಂದು ನಿಮಿಷದಲ್ಲಿ ಕನ್ನಡ ಮರಳಿ ಕಂಡಿತು. ‘ನೋಡು, ಬಂತು,’ ಎಂದೆ. ಅವಳು ಹುಡುಕುವ ಕಿಟಕಿ ತೆರೆದು, ಮೊಬೈಲಿನಲ್ಲಿ ಬರೆಯುವ ಹಾಗೆ ಯುನಿಕೋಡಿನಲ್ಲಿ ‘ಹಂತಿ’ ಎಂದು ಬರೆದಳು. ಪ್ರಬಂಧದ ತುಂಬ ಅದೇ ಪದ. ಯಂತ್ರ ಮಾತ್ರ, ಅಂಥ ಪದ ಇಲ್ಲಿಲ್ಲ ಎಂದಿತು.

‘ಶೋಧಗಂಗಾದಾಗ ಹಾಕ್ತಾರಲ್ರಿ ಇದನ್ನ. ಯಾರರ ಹುಡುಕಿದ್ರ ಸಿಗೂದಿಲ್ಲಂದಂಗಾತು,’ ಎಂದಳು.

ಪಿಎಚ್.ಡಿ. ಪ್ರಬಂಧಗಳ ಸಾಫ್ಟ್ ಕಾಪಿ ಕೊಡಬೇಕು ಎಂಬ ನಿಯಮ ಯುಜಿಸಿಯಿಂದ 2009ರಲ್ಲೇ ಬಂದಿದೆ. ಅವು ಶೋಧಗಂಗಾ ಭಂಡಾರದಲ್ಲಿ ಕೂಡುತ್ತವೆ, ಎಲ್ಲಿಂದಲಾದರೂ ಓದಬಹುದು. ಹಳೆಯ ಫಾಂಟಿನದು ಪುಟ ತೆರೆದವರ ಕಣ್ಣಿಗೇನೋ ಕಾಣುತ್ತದೆ. ಆದರೆ ಪದ ಹಿಡಿದು ಹುಡುಕಿ ಬರುವವರಿಗೆ ಅದು ಇಲ್ಲದ ಹಾಗೆಯೇ. ಹೊಲ ಹೊಲದಲ್ಲಿದೆ, ಉತಾರದಲ್ಲಿ ಬಂದಿಲ್ಲ. ಬೆಳಿಗ್ಗೆ ನಾನು ಒಂದು ಸಾಲಿಗಾಗಿ ಬೆವರಿದ್ದೆ. ಹದಿನೈದು ವರ್ಷದಿಂದ ನನ್ನ ಕೈಯಾರೆ ಎಷ್ಟು ಜನರ ಬರವಣಿಗೆಯನ್ನು ಹೀಗೆ ಹೆಸರಿಲ್ಲದ ಹೊಲ ಮಾಡಿದ್ದೇನೋ ಎಂದು ಆಗ ಅನಿಸಿತು.

ಶನಿವಾರ ಸಂಜೆಯಿಂದ ಮಂಗಳವಾರ ರಾತ್ರಿಯ ತನಕ ಅದೇ ಕೆಲಸ. ಹಳೆಯ ಅಕ್ಷರವನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ತಿರುಗಿಸಿದ ಮೇಲೆ ಕಣ್ಣಿಟ್ಟು ನೋಡಲೇಬೇಕು. ಅದರಲ್ಲೂ ಅರ್ಕಾವತ್ತು. ಕರ್ನಾಟಕ ಎನ್ನುವಾಗ ಬಾಯಿಯಲ್ಲಿ ರ ಮೊದಲು ಬರುತ್ತದೆ, ನಾ ಆಮೇಲೆ. ಬರೆಯುವಾಗ ನಾ ಮೊದಲು, ಅರ್ಕಾವತ್ತು ಅದರ ಬಲಕ್ಕೆ. ಹಳೆಯ ಫಾಂಟ್ ಕೂಡಿಟ್ಟದ್ದು ಕಣ್ಣು ಕಾಣುವ ಕ್ರಮದಲ್ಲಿ. ಯುನಿಕೋಡ್ ಕೂಡಿಡುವುದು ಬಾಯಿ ನುಡಿಯುವ ಕ್ರಮದಲ್ಲಿ. ಪರಿವರ್ತಕ ಎಡವುವುದು ಹೆಚ್ಚಾಗಿ ಇಂಥಲ್ಲೇ. ಪುಟಸಂಖ್ಯೆಗಳೆಲ್ಲ ಏರುಪೇರಾದವು, ಪರಿವಿಡಿ ಹೊಸದಾಗಿ ಮಾಡಬೇಕಾಯಿತು. ಹಾಡುಗಳ ಅನುಬಂಧವನ್ನು ಮಾತ್ರ ಯಂತ್ರಕ್ಕೆ ಬಿಡಲಿಲ್ಲ. ಅವಳು ಗಟ್ಟಿಯಾಗಿ ಓದುತ್ತಿದ್ದಳು, ನಾನು ಪರದೆ ನೋಡುತ್ತಿದ್ದೆ.

ನಲವತ್ತು ದಿನ ಟೈಪು ಮಾಡುವಾಗ ಆ ಹಾಡುಗಳು ನನಗೆ ಬರೀ ಸಾಲುಗಳಾಗಿದ್ದವು, ಪುಟಕ್ಕೆ ಇಷ್ಟು ಎಂದು ಎಣಿಸುವ ಸಾಲು. ಅವಳು ಓದುವಾಗ ಮೊದಲ ಸಲ ಕೇಳಿಸಿದವು. ಒಂದು ಕಡೆ ಅವಳು ನಿಂತಳು. ‘ಇಲ್ಲಿ ಬೆಳೆ ಅಂತ ಹೊಡದೀರಿ. ಬೇಳೆ ಇರಬೇಕನಸ್ತೈತಿ.’ ಅವಳ ಕೈಬರಹ ನೋಡಿದರೆ ದೀರ್ಘವೋ ಅಲ್ಲವೋ ತಿಳಿಯದಷ್ಟು ಸಣ್ಣ ಗೀಟು. ಕಣದ ಹಾಡು, ಬೆಳೆಯೂ ಹೊಂದುತ್ತದೆ, ಬೇಳೆಯೂ ಹೊಂದುತ್ತದೆ. ಮೊಬೈಲಿನಲ್ಲಿ ಆಯಿಯ ಧ್ವನಿ ಇತ್ತು. ಹಚ್ಚಿದಳು. ಝೆರಾಕ್ಸ್ ಯಂತ್ರ ಬಂದ್ ಮಾಡಿ ಇಬ್ಬರೂ ಕಿವಿಗೊಟ್ಟೆವು. ಹೊರಗೆ ಅಥಣಿ ಬಸ್ಸಿನ ಹಾರ್ನ್, ಒಳಗೆ ಒಂದು ವರ್ಷದ ಹಿಂದೆ ತೀರಿದ ಮುದುಕಿಯ ರಾಗ. ಆ ಪದ ಬಂತು. ಆಯಿ ಅದನ್ನು ಎಳೆದು ಹಾಡಿದ್ದಳು. ಮುಂದಿನ ಪದವನ್ನೂ ಎಳೆದಿದ್ದಳು, ಅದರ ಮುಂದಿನದನ್ನೂ. ಹಾಡಿನಲ್ಲಿ ಎಲ್ಲ ಸ್ವರವೂ ದೀರ್ಘವೇ.

ಮೂರು ಸಲ ಕೇಳಿದೆವು. ಹುಡುಗಿ ನಕ್ಕುಬಿಟ್ಟಳು, ಕಣ್ಣು ಒರೆಸಿಕೊಂಡಳು. ‘ಬೆಳೆ ಇರಲಿ ಬಿಡ್ರಿ. ಕೆಳಗ ಒಂದು ಟಿಪ್ಪಣಿ ಹಾಕ್ರಿ, ಬೇಳೆ ಅಂತನೂ ಓದಬಹುದು ಅಂತ.’ ಹಾಕಿದೆ.

ಬುಧವಾರ ಮಧ್ಯಾಹ್ನ ಬೈಂಡಿಂಗ್ ಆದ ಪ್ರತಿಗಳನ್ನೂ ಸಾಫ್ಟ್ ಕಾಪಿಯನ್ನೂ ಹಿಡಿದು ಅವಳು ತೊರವಿಗೆ ಹೋದಳು. ಯುನಿಕೋಡಿನ ಕೆಲಸಕ್ಕೆ ನಾನು ದುಡ್ಡು ತಗೊಳ್ಳಲಿಲ್ಲ. ವಾರದ ಮೇಲೆ ಅವಳ ಅಪ್ಪ ಒಂದು ಚೀಲ ಒಣದ್ರಾಕ್ಷಿ ಇಟ್ಟುಹೋದರು.

ಈಗ ಬೆಳಿಗ್ಗೆ ಯಂತ್ರ ಚಾಲೂ ಮಾಡಿದರೆ ನಾಲ್ಕು ಸಾಲಿನ ಪಟ್ಟಿ ಬಂದು ಹತ್ತು ಸೆಕೆಂಡು ಕಾಯುತ್ತದೆ. ಹೊಸ ಕೆಲಸವೆಲ್ಲ ಯುನಿಕೋಡಿನಲ್ಲೇ ಮಾಡುತ್ತೇನೆ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ವಿಂಡೋಸಿಗೆ ಹೋಗಿ ಹಳೆಯ ಕಡತಗಳನ್ನು ಒಂದೊಂದೇ ತೆಗೆದು ತಿರುಗಿಸುತ್ತಿದ್ದೇನೆ. ಕವಿತೆ ಬರೆದು ಅಚ್ಚು ಹಾಕಿಸದೆ ಹೋದ ಮಾಸ್ತರರೊಬ್ಬರದು ಸಿಕ್ಕಿತು. ಊರಿನ ಜಾತ್ರೆಯ ಇತಿಹಾಸ ಬರೆದವರದು ಸಿಕ್ಕಿತು. ಅವರಿಗೆ ಫೋನ್ ಮಾಡಿದರೆ ಮೊದಲು ಎಲ್ಲರೂ ಕೇಳುವುದು ಒಂದೇ ಮಾತು: ‘ಅದು ಇನ್ನೂ ಐತೇನ್ರಿ?’

ಐತಿ ಎನ್ನುತ್ತೇನೆ. ಹೆಸರು ಹಚ್ಚುವುದಷ್ಟೇ ಬಾಕಿ.